ಕಿವಿಯ ಅಚ್ಚು ಕೊಡುವ ಮುಂಚೆ

ಪ್ರಶ್ನೆ: ಬಾಡಿಗೆ ಮನೆಯ ಒಂದು ರೂಮಿನಲ್ಲಿ ಹಾಡು ಮಿಕ್ಸ್ ಮಾಡುತ್ತೇನೆ. ಸ್ಪೀಕರ್ ಹಾಕಿದರೆ ಓನರ್ ಬಾಗಿಲು ತಟ್ಟುತ್ತಾರೆ, ಹೆಡ್‌ಫೋನ್ ಹಾಕಿದರೆ ರಸ್ತೆಯ ಹಾರ್ನ್ ಒಳಗೆ ಬರುತ್ತದೆ. ಕಿವಿಯ ಅಳತೆಗೇ ಮಾಡಿಕೊಡುವ ಇನ್-ಇಯರ್ ಮಾನಿಟರ್ ತಗೊಳ್ಳೋಣ ಅಂತಿದ್ದೇನೆ. ಹನ್ನೆರಡು ಡ್ರೈವರ್ ಇರುವುದು ತಗೊಂಡರೆ ಸದ್ದು ಇದ್ದದ್ದು ಇದ್ದ ಹಾಗೆ ಕೇಳಿಸುತ್ತದಾ?
– ಶ್ರೀನಗರದ ಓದುಗರು, ಬೆಂಗಳೂರು

ಉತ್ತರ: ಡ್ರೈವರ್ ಅಂದರೆ ಒಳಗೆ ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರ್. ಅದರ ಲೆಕ್ಕ ಮೊದಲು ಬಿಡಿ. ಎಟಿಮೋಟಿಕ್ ಕಂಪನಿಯ ಇಆರ್4 ಅನ್ನೋ ಇನ್-ಇಯರ್ ಬಂದಿದ್ದು 1991ರಲ್ಲಿ, ಕಿವಿಗೊಂದೇ ಡ್ರೈವರ್. ಎಷ್ಟೋ ವರ್ಷದ ಮೇಲೆ ಬಂದ ಅದೇ ಸಾಲಿನ ಇಆರ್4ಎಸ್ಆರ್‌ನಲ್ಲೂ ಒಂದೇ. ಸದ್ದಿನ ನಿಖರತೆಗೆ ಜನ ಇವತ್ತಿಗೂ ಅದರ ಹೆಸರು ಹೇಳುತ್ತಾರೆ.

ಕಸ್ಟಮ್ ಅಂದರೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಮೈಗೆ ಚೆನ್ನಾಗಿ ಕೂರುತ್ತದೆ, ಆದರೆ ಬಟ್ಟೆ ಒಳ್ಳೆಯದೇ ಅಂತೇನಿಲ್ಲ. ಇದು ಬೆಳೆದಿದ್ದೇ ವೇದಿಕೆಗಾಗಿ. ವ್ಯಾನ್ ಹೇಲನ್ ರಾಕ್ ತಂಡದ ಮಾನಿಟರ್ ಎಂಜಿನಿಯರ್ (ವೇದಿಕೆ ಮೇಲಿರುವವರಿಗೆ ಕೇಳಿಸುವ ಸದ್ದನ್ನು ನೋಡಿಕೊಳ್ಳುವವರು) ಜೆರ್ರಿ ಹಾರ್ವಿ ಆ ತಂಡದ ಡ್ರಮ್ಮರ್‌ಗೆ ಒಂದು ಜೋಡಿ ಮಾಡಿಕೊಟ್ಟು, 1995ರಲ್ಲಿ ಅಲ್ಟಿಮೇಟ್ ಇಯರ್ಸ್ ಕಂಪನಿ ಶುರು ಮಾಡಿದರು. ಹಾಗಾಗಿ ಎಷ್ಟೋ ಕಸ್ಟಮ್‌ಗಳಲ್ಲಿ ಬಾಸ್, ಅಂದರೆ ತಗ್ಗಿನ ಸದ್ದು, ಜಾಸ್ತಿ. ಹಾಡುವವರಿಗೆ, ಬಾರಿಸುವವರಿಗೆ ಅದು ಬೇಕು. ನಿಮಗೆ ಬೇಡ. ಬಾಸ್ ಜಾಸ್ತಿ ಕೇಳಿಸಿದರೆ ನೀವು ಮಿಕ್ಸ್‌ನಲ್ಲಿ ಅದನ್ನೇ ಕಡಿಮೆ ಮಾಡುತ್ತೀರಿ, ಆಮೇಲೆ ಗೆಳೆಯನ ಕಾರಿನಲ್ಲಿ ಹಾಕಿದಾಗ ಮೃದಂಗದ ತೊಪ್ಪಿ ಎಲ್ಲಿ ಹೋಯ್ತು ಅಂತ ಹುಡುಕುತ್ತೀರಿ.

ತಗ್ಗಿನಿಂದ ಮೇಲಿನವರೆಗೆ ಯಾವ ಸದ್ದು ಎಷ್ಟು ಜೋರು ಅಂತ ತೋರಿಸುವ ಗ್ರಾಫ್ ನೋಡುವಾಗ ಸಪಾಟಾದ ಗೆರೆ ಹುಡುಕಬೇಡಿ. ತೆರೆದ ಕಿವಿಯ ನಾಳ 3 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗೇ ಎತ್ತುತ್ತದೆ. ಇನ್-ಇಯರ್ ಹಾಕಿದರೆ ಆ ದಾರಿ ಮುಚ್ಚಿಹೋಗುತ್ತದೆ, ಅದಕ್ಕೇ ಮಾನಿಟರೇ ಅಷ್ಟನ್ನು ವಾಪಸ್ ಕೊಡಬೇಕು. ಅಲ್ಲಿ ಒಂದು ಗುಡ್ಡ ಇದ್ದರೆ ಸರಿ. 8 ಕಿಲೋಹರ್ಟ್ಸ್ ಹತ್ತಿರದ ಮೊನಚು ಎಷ್ಟೋ ಸಲ ಅಳೆಯುವ ಯಂತ್ರದ್ದೇ, ಅದನ್ನು ನೋಡಿ ಹೆದರಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನೋ ಗಾದೆ ಇದೆಯಲ್ಲ, ನಿಜ ಹೇಳುವ ಮಾನಿಟರ್ ಕೂಡ ಮೊದಲ ದಿನ ಸಪ್ಪೆ ಅನ್ನಿಸುತ್ತದೆ. ಎರಡು ವಾರ ನಿಮಗೆ ಬಾಯಿಪಾಠ ಇರುವ ಹಾಡುಗಳನ್ನೇ ಅದರಲ್ಲಿ ಕೇಳಿ.

ಇನ್ನು ಅಚ್ಚು, ಅಂದರೆ ಕಸ್ಟಮ್ ಮಾಡಲು ತೆಗೆಯುವ ಕಿವಿಯ ಒಳಗಿನ ಅಳತೆ. ಇದೇ ಮುಖ್ಯ, ಇದರಲ್ಲೇ ಜನ ಅವಸರ ಮಾಡುತ್ತಾರೆ. ಶ್ರವಣ ಸಾಧನ ಮಾಡಿಕೊಡುವ ಕ್ಲಿನಿಕ್‌ನಲ್ಲಿ ಆಡಿಯಾಲಜಿಸ್ಟ್ ಕೈಯಲ್ಲೇ ತೆಗೆಸಿ. ಮೊದಲು ಗುಗ್ಗೆ ತೆಗೆಸಿಕೊಳ್ಳಿ. ಒಳಗೆ ಹತ್ತಿಯದೋ ಸ್ಪಂಜಿನದೋ ತಡೆ ಇಟ್ಟು, ಕಿವಿಯ ಎರಡನೇ ತಿರುವು ದಾಟುವವರೆಗೆ ಸಿಲಿಕೋನ್ ತುಂಬಬೇಕು. ಬಾಯಿ ಎಷ್ಟು ತೆರೆದಿರಬೇಕು ಅಂತ ಮಾನಿಟರ್ ಕಂಪನಿಯನ್ನು ಮೊದಲೇ ಕೇಳಿ, ಯಾಕೆಂದರೆ ದವಡೆ ಆಡಿದರೆ ಕಿವಿಯ ನಾಳದ ಆಕಾರವೂ ಬದಲಾಗುತ್ತದೆ. ನನ್ನ ಮೊದಲ ಜೋಡಿಗೆ ಬಾಯಿ ಮುಚ್ಚಿಸಿ ಅಚ್ಚು ತೆಗೆದಿದ್ದರು. ನಾನು ಎರಡು ಮಾತಾಡಿದರೆ ಸಾಕು, ಎಡಗಿವಿಯ ಬಾಸ್ ಮಾಯ. ಮತ್ತೆ ಮಾಡಿಸಿದೆ. ಒಂದು ನೆನಪಿರಲಿ, ನಿಮ್ಮ ಕಿವಿಯ ಅಳತೆಯದ್ದನ್ನು ಸೆಕೆಂಡ್ ಹ್ಯಾಂಡ್‌ಗೆ ಯಾರೂ ಕೊಳ್ಳುವುದಿಲ್ಲ.

ಬಹಳ ಡ್ರೈವರ್ ಇರುವುದನ್ನು ಆಡಿಯೋ ಇಂಟರ್‌ಫೇಸ್‌ಗೆ (ಕಂಪ್ಯೂಟರ್‌ಗೆ ಜೋಡಿಸುವ ಸದ್ದಿನ ಪೆಟ್ಟಿಗೆ) ನೇರ ಚುಚ್ಚಿದರೆ ಸದ್ದಿನ ಬಣ್ಣವೇ ಬದಲಾಗಬಹುದು. ಇಂಟರ್‌ಫೇಸ್‌ನ ಹೆಡ್‌ಫೋನ್ ಔಟ್‌ಪುಟ್ ಇಂಪೀಡೆನ್ಸ್ (ವಿದ್ಯುತ್‌ಗೆ ಒಡ್ಡುವ ತಡೆ) ಒಂದೆರಡು ಓಮ್ ಒಳಗಿದೆಯಾ ನೋಡಿ.

ನಾನಾಗಿದ್ದರೆ ಸದ್ಯಕ್ಕೆ ಕಸ್ಟಮ್ ಮಾಡಿಸುತ್ತಿರಲಿಲ್ಲ. ಒಂದು ಒಳ್ಳೆಯ ಮಾಮೂಲಿ ಇನ್-ಇಯರ್ ತಗೊಂಡು, ಬೇಕಿದ್ದರೆ ಅದಕ್ಕೆ ಅಚ್ಚಿನ ತುದಿ ಮಾತ್ರ ಮಾಡಿಸಿ, ಆರು ತಿಂಗಳು ಕೆಲಸ ಮಾಡುತ್ತಿದ್ದೆ. ಎಡಬಲದ ಹಂಚಿಕೆ, ರಿವರ್ಬ್ (ಮಾರ್ದನಿ) ಎಷ್ಟು ಅನ್ನೋದಕ್ಕೆ ಹೇಗೂ ಸ್ಪೀಕರ್ ಬೇಕೇ ಬೇಕು. ಇನ್-ಇಯರ್‌ನಲ್ಲಿ ಎಡಗಡೆಯ ಸದ್ದು ಬಲಗಿವಿಗೆ ಹೋಗುವುದೇ ಇಲ್ಲ. ಓನರ್ ಹೊರಗೆ ಹೋದ ಹೊತ್ತು ನೋಡಿಕೊಂಡು ಮೆಲ್ಲಗೆ ಹಾಕಿ ಕೇಳಿ.

ಪ್ರಶ್ನೆ: ದಿನಕ್ಕೆ ಎಂಟು ಗಂಟೆ ಇನ್-ಇಯರ್ ಹಾಕಿ ಮಿಕ್ಸ್ ಮಾಡಿದರೆ ಕಿವಿ ಕೆಡುತ್ತದಾ?
– ಮಲ್ಲೇಶ್ವರದ ಓದುಗರು

ಉತ್ತರ: ಗಂಟೆಯ ಜೊತೆ ವಾಲ್ಯೂಮ್ ಎಷ್ಟು ಅಂತಲೂ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ಗೆ ವಾರಕ್ಕೆ 40 ಗಂಟೆ. 3 ಡೆಸಿಬೆಲ್ ಏರಿಸಿದರೆ ಆ ಗಂಟೆಗಳು ಅರ್ಧ ಆಗುತ್ತವೆ. ಕಿವಿಗೆ ಗಟ್ಟಿಯಾಗಿ ಕೂರುವ ಮಾನಿಟರ್ ಹೊರಗಿನ ಗದ್ದಲ ತಡೆಯುವುದರಿಂದ ವಾಲ್ಯೂಮ್ ಇಳಿಸಲು ಆಗುತ್ತದೆ, ಅದು ಅದರ ದೊಡ್ಡ ಲಾಭ. ಇಳಿಸಿ ಮತ್ತೆ. ಗಂಟೆಗೊಮ್ಮೆ ತೆಗೆದಿಟ್ಟು ಒಂದು ಕಾಫಿ ಕುಡಿದು ಬನ್ನಿ. ಸಂಜೆ ಕಿವಿಯಲ್ಲಿ ಗುಂಯ್ ಅಂದರೆ ಅವತ್ತಿನ ಕೆಲಸ ನಿಲ್ಲಿಸಿ, ಮಾರನೇ ದಿನವೂ ಅಂದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.