ಮರದ ಉಸಿರು ಬೇರೆ, ಮರದ ಹೊಗೆ ಬೇರೆ

ಪ್ರಿಯ ಓದುಗರೇ,

ಹೋದ ಸಂಚಿಕೆಯ ಗಾಳಿಯ ಲೇಖನದಲ್ಲಿ ‘ಕಾಡಿನ ಮರಗಳೂ ಗಾಳಿಗೆ ಸಾವಯವ (ಅಂದರೆ ಕಾರ್ಬನ್ ಆಧಾರದ) ಕಣಗಳನ್ನು ಬಿಡುತ್ತವೆ’ ಎಂದು ಬರೆದಿದ್ದೆವು. ಅದನ್ನು ಓದಿ ನೀವು ಕೇಳಿದ್ದೀರಿ: ‘ಹಾಗಾದರೆ ಕಾಡಿನ ಗಾಳಿಯೂ ಬೆಂಕಿಯ ಹೊಗೆಯೂ ಒಂದೇನಾ? ಎಲ್ಲಾ ಕಲೆತುಹೋದ ಮೇಲೆ ಯಾವ ಕಣ ಎಲ್ಲಿಂದ ಬಂತು ಅಂತ ಗೊತ್ತಾಗುವುದು ಹೇಗೆ? ದೂರದ ಕಾಡು ನೀಲಿಯಾಗಿ ಕಾಣುತ್ತದಲ್ಲ, ಅದೂ ಹೊಗೆಯೇನಾ?’

ಮೊದಲಿಗೆ, ತಪ್ಪು ನಮ್ಮದು. ಪರಾಗ, ಬೂಷ್ಟಿನ ಬೀಜಾಣು ಇಂಥವನ್ನು ಬಿಟ್ಟರೆ ಕಾಡು ಬಿಡುವುದು ಹೆಚ್ಚಾಗಿ ಅನಿಲವನ್ನು. ಅದು ಕಣ ಆಗುವುದು ಆಮೇಲೆ, ಗಾಳಿಯಲ್ಲಿ. ಹೊಗೆಯ ಕಣ ಹಾಗಲ್ಲ, ಬಹುಪಾಲು ಬೆಂಕಿಯ ಹತ್ತಿರವೇ ಹುಟ್ಟಿ ಬರುತ್ತದೆ. ಈ ವ್ಯತ್ಯಾಸವನ್ನು ನಾವು ಹೇಳಲೇಬೇಕಿತ್ತು.

ಬೆಂಕಿಯಿಂದ ಶುರು ಮಾಡೋಣ. ಕಟ್ಟಿಗೆಯಲ್ಲಿ ಜಾಸ್ತಿ ಇರುವುದು ಸೆಲ್ಯುಲೋಸ್, ಅಂದರೆ ಗ್ಲೂಕೋಸ್ ಅಣುಗಳು ಒಂದಕ್ಕೊಂದು ಕೈಹಿಡಿದು ನಿಂತ ಉದ್ದದ ಸರಪಳಿ. ಶಾಖ 300 ಡಿಗ್ರಿ ಸೆಲ್ಸಿಯಸ್ ದಾಟಿತು ಅಂದರೆ ಸರಪಳಿ ತುಂಡಾಗುತ್ತದೆ. ಬಿಡಿಯಾದ ಕೊಂಡಿಗೆ ಹಿಡಿಯಲು ಪಕ್ಕದವರು ಇಲ್ಲ. ಅದು ಬಾಗಿ, ತನ್ನದೇ ಇನ್ನೊಂದು ತುದಿಯನ್ನು ಹಿಡಿದುಕೊಳ್ಳುತ್ತದೆ. ಹೀಗೆ ಹುಟ್ಟುವ ಅಣುವಿನ ಹೆಸರು ಲೆವೊಗ್ಲುಕೊಸಾನ್. ಗ್ಲೂಕೋಸಿನಿಂದ ಒಂದು ನೀರಿನ ಅಣು ಕಳೆದರೆ ಎಷ್ಟೋ, ಅಷ್ಟು. ಬಿಸಿಯಲ್ಲಿ ಆವಿಯಾಗಿ ಮೇಲೇಳುತ್ತದೆ, ತಣ್ಣಗಾದೊಡನೆ ಹೊಗೆಯ ಕಣಕ್ಕೆ ಅಂಟಿಕೊಳ್ಳುತ್ತದೆ. ಪೆಟ್ರೋಲ್, ಡೀಸೆಲ್ ಉರಿದರೆ ಇದು ಹುಟ್ಟುವುದಿಲ್ಲ, ಅವುಗಳಲ್ಲಿ ಸೆಲ್ಯುಲೋಸೇ ಇಲ್ಲವಲ್ಲ! ಹಾಗಾಗಿ ಇದನ್ನು ಕಟ್ಟಿಗೆ-ಹುಲ್ಲಿನ ಹೊಗೆಯ ಗುರುತಾಗಿ ಬಳಸಬಹುದು ಎಂದು ವಿಜ್ಞಾನಿ ಬರ್ನ್ಡ್ ಸಿಮೊನೈಟ್ ಮತ್ತು ಜೊತೆಗಾರರು 1999ರಲ್ಲಿ ತೋರಿಸಿದರು.

ಕಟ್ಟಿಗೆಯ ಇನ್ನೊಂದು ಭಾಗವಾದ ಲಿಗ್ನಿನ್ ಇನ್ನೂ ಸೂಕ್ಷ್ಮ ಸುಳಿವು ಕೊಡುತ್ತದೆ. ಹೊಗೆಯ ಆ ಪರಿಚಿತ ವಾಸನೆ ಇದೆಯಲ್ಲ, ಅದರಲ್ಲಿ ದೊಡ್ಡ ಪಾಲು ಲಿಗ್ನಿನ್ ಮುರಿದು ಬಂದ ಗ್ವಾಯಾಕಾಲ್, ಸಿರಿಂಗಾಲ್ ಜಾತಿಯ ಅಣುಗಳದ್ದು. ಪೈನ್‌ನಂಥ ಸೂಚಿಪರ್ಣಿ ಮರ ಉರಿದರೆ ಬಹುತೇಕ ಗ್ವಾಯಾಕಾಲ್ ಗುಂಪಿನವೇ ಸಿಗುತ್ತವೆ. ಅಗಲ ಎಲೆಯ ಮರ ಉರಿದರೆ ಎರಡೂ ಗುಂಪು ಸಿಗುತ್ತವೆ. ಬೂದಿಯೂ ಉಳಿಯದ ಕಡೆ, ಉರಿದದ್ದು ಯಾವ ಬಗೆಯ ಮರ ಎಂದು ಗಾಳಿಯನ್ನೇ ಕೇಳಬಹುದು. ನನಗೆ ಇದು ಎಷ್ಟು ಸಲ ಓದಿದರೂ ಬೆರಗು.

ಕೇಳುವುದು ಹೇಗೆ ಅಂದರೆ, ಕ್ವಾರ್ಟ್ಸ್ ನಾರಿನ ಬಿಳಿ ಫಿಲ್ಟರ್ ಮೂಲಕ ಗಂಟೆಗಟ್ಟಲೆ ಗಾಳಿ ಎಳೆಯುತ್ತಾರೆ. ಹೊಗೆಯ ದಿನ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಅದರಿಂದ ನಾಣ್ಯದಷ್ಟು ತುಂಡು ಕತ್ತರಿಸಿ ದ್ರಾವಕದಲ್ಲಿ ನೆನೆಸುತ್ತಾರೆ. ಲೆವೊಗ್ಲುಕೊಸಾನ್ ಸಕ್ಕರೆಯ ಸಂಬಂಧಿ, ಅಂಟು ಸ್ವಭಾವ. ಅಣುಗಳನ್ನು ಬೇರ್ಪಡಿಸಿ ತೂಗುವ ಯಂತ್ರದ ಸಣ್ಣ ಕೊಳವೆಯಲ್ಲಿ ಸಲೀಸಾಗಿ ಹರಿಯುವುದಿಲ್ಲ. ಅದಕ್ಕೇ ಅದರ ಮೂರು ಒಎಚ್ (ಆಮ್ಲಜನಕ-ಹೈಡ್ರೋಜನ್ ಜೋಡಿ) ಗುಂಪುಗಳಿಗೂ ಸಿಲಿಕಾನ್ ಇರುವ ಒಂದೊಂದು ಟೊಪ್ಪಿಗೆ ಹಾಕುತ್ತಾರೆ. ಆಮೇಲೆ ಕೊಳವೆ ದಾಟಿಸಿ, ಒಡೆದು, ಚೂರುಗಳ ತೂಕ ನೋಡುತ್ತಾರೆ. ಹೈಡ್ರೋಜನ್ ಪರಮಾಣುವಿನ ತೂಕ ಸುಮಾರು 1 ಎಂದಿಟ್ಟುಕೊಂಡರೆ 204, 217, 333 ತೂಕದ ಚೂರುಗಳು ಒಟ್ಟಿಗೆ, ಬರಬೇಕಾದ ಹೊತ್ತಿಗೇ ಬಂದವು ಅಂದರೆ ಆಸಾಮಿ ಸಿಕ್ಕಿದ ಹಾಗೆ.

ಈಗ ಕಾಡಿಗೆ ಬರೋಣ. ಬಿಸಿಲೇರಿದಾಗ ಹಲವು ಜಾತಿಯ ಮರಗಳು ಐಸೊಪ್ರೀನ್ ಎಂಬ ಅನಿಲ ಬಿಡುತ್ತವೆ. ಐದೇ ಕಾರ್ಬನ್‌ಗಳ ಪುಟ್ಟ ಅಣು. ಭೂಮಿಯ ಗಿಡಮರಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದು ಸುಮಾರು 50 ಕೋಟಿ ಟನ್! ಇಷ್ಟು ಹಗುರ ಅಣುವಿನಿಂದ ಕಣ ಆಗಲಾರದು ಎಂದೇ ಬಹುಕಾಲ ಅಂದುಕೊಂಡಿದ್ದರು. 2004ರಲ್ಲಿ ವಿಜ್ಞಾನಿ ಮಾಗ್ಡಾ ಕ್ಲೇಸ್ ಅವರ ತಂಡ ಅಮೆಜಾನ್ ಕಾಡಿನ ಕಣಗಳಲ್ಲಿ ಮೀಥೈಲ್‌ಟೆಟ್ರಾಲ್ ಎಂಬ ಅಣುಗಳನ್ನು ಕಂಡಿತು. ಐಸೊಪ್ರೀನಿನದೇ ಕವಲೊಡೆದ ಐದು ಕಾರ್ಬನ್ ಅಸ್ಥಿಪಂಜರ, ಅದಕ್ಕೆ ನಾಲ್ಕು ಒಎಚ್ ಗುಂಪು. ಐಸೊಪ್ರೀನ್ ಗಾಳಿಯಲ್ಲಿ ಆಮ್ಲಜನಕ ಅಂಟಿಸಿಕೊಂಡು ಭಾರವಾಗಿ ಕಣಕ್ಕೆ ಇಳಿದಿತ್ತು. ಪೈನ್ ಮರಗಳು ಬಿಡುವ ಪೈನೀನ್ ಎಂಬ ಆವಿ ಕೂಡ ಓಜೋನ್ ತಾಕಿ ಪಿನಿಕ್ ಆಮ್ಲದಂಥವಾಗಿ ಹೀಗೇ ಕಣ ಸೇರುತ್ತದೆ.

ಗುರುತು ಎಂದೂ ಅಳಿಯದು ಅಂತಲ್ಲ. ಲೆವೊಗ್ಲುಕೊಸಾನ್ ಕೂಡ ಗಾಳಿಯಲ್ಲಿ ದಿನ ಕಳೆದಂತೆ ಸವೆಯುತ್ತದೆ. ಹಳೆಯ ಹೊಗೆ ಇದ್ದದ್ದಕ್ಕಿಂತ ಕಡಿಮೆ ಎಂದು ಕಾಣಬಹುದು. ಒಂದೇ ಅಣುವನ್ನು ನಂಬಿ ಲೆಕ್ಕ ಹಾಕಬಾರದು.

ಹಾಗಾದರೆ ಮರಗಳೂ ಮಾಲಿನ್ಯ ಮಾಡುತ್ತವಾ? ಈ ಮಾತು ನನಗೆ ಒಪ್ಪಿಗೆಯಿಲ್ಲ. ಕಲ್ಲಿದ್ದಲು ಉರಿಸಿದಾಗ ಬರುವ ಗಂಧಕದ ಡೈಆಕ್ಸೈಡ್ ಗಾಳಿಯಲ್ಲಿ ಆಮ್ಲೀಯ ಸಲ್ಫೇಟ್ ಕಣವಾಗುತ್ತದೆ. ಐಸೊಪ್ರೀನಿನಿಂದ ಹುಟ್ಟಿದ ವಸ್ತುಗಳು ಆ ಆಮ್ಲದ ಮೇಲೆ ಬೇಗ ಕೂರುತ್ತವೆ. ಅದೇ ಮರ, ಅದೇ ಉಸಿರು, ಆದರೆ ನಮ್ಮ ಹೊಗೆಕೊಳವೆಯ ಗಾಳಿಯಲ್ಲಿ ಕಣ ಜಾಸ್ತಿ. ಅದರ ಹೊಣೆಯನ್ನು ಮರದ ತಲೆಗೆ ಕಟ್ಟುವುದು ಅನ್ಯಾಯ ಅಲ್ವಾ? ಕಟ್ಟಿಗೆಯ ಹೊಗೆಯಲ್ಲಾದರೋ ಬೆಂಜೊಪೈರೀನ್‌ನಂಥ ಕ್ಯಾನ್ಸರ್ ತರುವ ಅಣುಗಳಿವೆ. ಮರದ ಉಸಿರಿನಲ್ಲಿ ಅವಿಲ್ಲ.

ಇನ್ನು ದೂರದ ಕಾಡಿನ ಆ ನೀಲಿ. ಅದು ಹೊಗೆಯಲ್ಲ. ಗಾಳಿಯ ಅಣುಗಳೇ ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಅದರ ಜೊತೆಗೆ ಮರಗಳ ಆವಿಯಿಂದ ಆದ ಅತಿ ಸಣ್ಣ ಕಣಗಳೂ ಸೇರುತ್ತವೆ ಎಂದು ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1960ರಲ್ಲೇ ಬರೆದಿದ್ದರು. ಹೊಗೆಯ ಬಣ್ಣ ಬೇರೆ: ಕಾಡ್ಗಿಚ್ಚಿನ ಹೊಗೆಯಲ್ಲಿ ನೈಟ್ರೊಫೀನಾಲ್‌ನಂಥ ಅಣುಗಳಿದ್ದು, ಅವು ನೀಲಿ ಬೆಳಕನ್ನು ಹೀರಿಬಿಡುತ್ತವೆ. ಫಿಲ್ಟರ್ ಮೇಲೆ ಕಂಡ ಕಂದು ಬಣ್ಣದಲ್ಲಿ ಅವುಗಳ ಪಾಲೂ ಇದೆ.

— ಸಂಪಾದಕ