ಹೈಟೆನ್ಷನ್ ತಂತಿಯೂ ಧಾರವಾಡ ಕೇಂದ್ರವೂ

ಪ್ರಶ್ನೆ: ನಮ್ಮ ಹೊಲದ ಬದುವಿನ ಮೇಲೆ 220 ಕಿಲೋವೋಲ್ಟ್ ತಂತಿ ಎಳೆದಿದ್ದಾರೆ. ಅದರ ಕೆಳಗೆ ರೇಡಿಯೊ ಹಚ್ಚಿದರೆ ಧಾರವಾಡ ಕೇಂದ್ರದ ಜಾಗದಲ್ಲಿ ಬರೀ ಜರ್ ಸದ್ದು. ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ, ‘ಇಂಥ ಟವರುಗಳಿಂದ ಕೇಂದ್ರದ ಪ್ರಸಾರವೇ ಕೆಡುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುತ್ತಾರೆ’ ಎನ್ನುತ್ತಾನೆ. ನಿಜವೇ?
(ನವಲಗುಂದ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ದೂರೂ ನಿಜ, ಹುಡುಗನ ಮಾತೂ ನಿಜ. ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಜರ್ ಸದ್ದು ಒಣ ಹವೆಯಲ್ಲಿ ಜೋರಾಗಿ, ಮಳೆ ಬಂದಾಗ ಅಡಗಿದರೆ, ಎಲ್ಲೋ ಸಡಿಲ ಬೋಲ್ಟು ಅಥವಾ ತುಕ್ಕು ಹಿಡಿದ ಕೊಂಡಿಯ ಸಂದಿನಲ್ಲಿ ಕಿಡಿ ಹಾರುತ್ತಿದೆ ಎಂದು ತಿಳಿಯಿರಿ. ಮಳೆಯಲ್ಲೇ ಹೆಚ್ಚಿದರೆ ಅದು ತಂತಿಯ ಮೈಗೆ ತಾಗಿದ ಗಾಳಿಯಲ್ಲಿ ವಿದ್ಯುತ್ ಸೋರುವ ಕರೋನಾ. ಮೊದಲನೆಯದನ್ನು ಬಿಗಿದು ಸರಿಪಡಿಸಬಹುದು. ಟವರಿನ ಕಾಲಿಗೆ ಹಾಕಿದ ತಗಡಿನ ಮೇಲಿರುವ ನಂಬರನ್ನು ಬರೆದುಕೊಂಡು ದೂರು ಕೊಡಿ. ‘ನಮ್ಮ ಹೊಲದ ಹತ್ತಿರ’ ಎಂದು ಬರೆದ ಅರ್ಜಿ ಕಡತದಲ್ಲೇ ಉಳಿಯುತ್ತದೆ.

ಹುಡುಗ ಹೇಳುವುದು ಸದ್ದಿಲ್ಲದ ತೊಂದರೆ. ಅದಕ್ಕೆ ತಂತಿಯಲ್ಲಿ ಕರೆಂಟು ಹರಿಯಲೇಬೇಕೆಂದಿಲ್ಲ, ಲೈನು ಆಫ್ ಆಗಿದ್ದರೂ ಅದು ಇದ್ದೇ ಇರುತ್ತದೆ. ಮಧ್ಯಮ ತರಂಗ ಕೇಂದ್ರದ ಹತ್ತಿರ ಎತ್ತರದ ಉಕ್ಕು ನಿಂತರೆ, ಕೇಂದ್ರದ ಅಲೆ ಅದರಲ್ಲಿ ಕರೆಂಟು ಹುಟ್ಟಿಸುತ್ತದೆ. ಆ ಕರೆಂಟು ಅದೇ ಕಾರ್ಯಕ್ರಮವನ್ನು ಮತ್ತೊಮ್ಮೆ ಪ್ರಸಾರ ಮಾಡುತ್ತದೆ. ಎರಡು ಅಲೆಗಳು ಕೆಲವು ದಿಕ್ಕಿನಲ್ಲಿ ಕೂಡುತ್ತವೆ, ಕೆಲವು ದಿಕ್ಕಿನಲ್ಲಿ ಕಳೆಯುತ್ತವೆ. ಸುತ್ತಲೂ ಸಮನಾಗಿ ಹರಡಬೇಕಾದ ಪ್ರಸಾರದಲ್ಲಿ ಉಬ್ಬುತಗ್ಗು ಬೀಳುತ್ತದೆ.

ಒಂಟಿ ಟವರಿಗಿಂತ ಸಾಲು ಕೆಟ್ಟದ್ದು. ತುದಿಯಲ್ಲಿ ಸಿಡಿಲಿಗಾಗಿ ಎಳೆದ ಅರ್ಥ್ ವೈರ್ ಎಲ್ಲ ಟವರುಗಳನ್ನೂ ಜೋಡಿಸಿರುತ್ತದೆಯಲ್ಲ, ತಾಪತ್ರಯವೆಲ್ಲ ಅಲ್ಲಿಯದು. ಎರಡು ಟವರು, ಮೇಲಿನ ತಂತಿ ಮತ್ತು ನೆಲವೆಂಬ ಕನ್ನಡಿಯಲ್ಲಿ ಇವುಗಳ ಪ್ರತಿಬಿಂಬ ಸೇರಿ ಒಂದು ಕುಣಿಕೆ. ಅದರ ಸುತ್ತಳತೆ ತರಂಗಾಂತರದ, ಎಂದರೆ ಒಂದು ಅಲೆಯ ಉದ್ದದ, ಒಂದು ಪಟ್ಟು ಅಥವಾ ಎರಡು ಪಟ್ಟಿಗೆ ಹತ್ತಿರ ಬಂದರೆ ಅನುರಣನೆಯಾಗಿ ಕರೆಂಟು ವಿಪರೀತ ಏರುತ್ತದೆ. ಧಾರವಾಡದ್ದು 765 ಕಿಲೋಹರ್ಟ್ಸ್, ತರಂಗಾಂತರ 392 ಮೀಟರ್. 35 ಮೀಟರ್ ಎತ್ತರದ ಟವರುಗಳನ್ನು 320 ಮೀಟರಿಗೊಂದರಂತೆ ನೆಟ್ಟಿದ್ದಾರೆ ಎಂದುಕೊಳ್ಳಿ. ಅಂತರದ ಎರಡರಷ್ಟು 640, ಎತ್ತರದ ನಾಲ್ಕರಷ್ಟು 140, ಒಟ್ಟು 780. ತರಂಗಾಂತರದ ಎರಡು ಪಟ್ಟು 784! ಅದೇ ಸಾಲು ಬೆಂಗಳೂರಿನ 612 ಕಿಲೋಹರ್ಟ್ಸ್ ಕೇಂದ್ರದ ಪಕ್ಕದಲ್ಲಿದ್ದರೆ ಇಷ್ಟು ಕಾಡುವುದಿಲ್ಲ. ಅಲ್ಲಿ ತರಂಗಾಂತರ 490 ಮೀಟರ್, 780 ಅತ್ತ 490ಕ್ಕೂ ಇತ್ತ 980ಕ್ಕೂ ದೂರ.

ಬೆರಳೆಣಿಕೆಯ ಈ ಲೆಕ್ಕ ಅಪಾಯವಿದೆಯೇ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಇದನ್ನು ಹಟ ಹಿಡಿದು ಬಿಡಿಸಿದವರಲ್ಲಿ ಕೆನಡಾದವರು ಮುಖ್ಯರು. ಉತ್ತರ ಅಮೆರಿಕದಲ್ಲಿ ಎಷ್ಟೋ ಕೇಂದ್ರಗಳು ದೂರದ ಇನ್ನೊಂದು ಕೇಂದ್ರಕ್ಕೆ ಅಡ್ಡಿಯಾಗದಂತೆ ಕೆಲವು ದಿಕ್ಕಿಗೆ ಪ್ರಸಾರವನ್ನು ಬೇಕೆಂದೇ ತಗ್ಗಿಸಬೇಕು. ಟವರುಗಳು ಆ ತಗ್ಗನ್ನೇ ತುಂಬಿಬಿಟ್ಟರೆ ಕಾನೂನಿನ ತಕರಾರು. ಮಾಂಟ್ರಿಯಲ್‌ನ ಕಾನ್ಕಾರ್ಡಿಯಾ ವಿಶ್ವವಿದ್ಯಾಲಯದ ಟ್ರೂಮನ್ ಮತ್ತು ಕುಬಿನಾ 1981ರಲ್ಲೇ ಈ ಮರುಪ್ರಸಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬಗ್ಗೆ ಬರೆದರು. ಜಾಲರಿಯಂಥ ಟವರನ್ನು ಒಂದು ದಪ್ಪ ಕಂಬಿ ಎಂದು ಹಿಡಿಯುವುದು, ಅರ್ಥ್ ವೈರನ್ನು ತೆಳು ಕಂಬಿ ಎಂದು. ಇನ್ಸುಲೇಟರಿಗೆ ಜೋತುಬಿದ್ದ ಕರೆಂಟಿನ ತಂತಿಗಳನ್ನು ಸಾಮಾನ್ಯವಾಗಿ ಲೆಕ್ಕದಿಂದ ಕೈಬಿಡುವುದು. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ನಡೆಯುತ್ತದೆ.

ಕಂಪ್ಯೂಟರನ್ನು ನಂಬದವರಿಗೆ ಪುಟ್ಟ ಮಾದರಿ ಕಟ್ಟಿ ಅಳೆದು ನೋಡುವ ದಾರಿಯಿದೆ. ಎಲ್ಲ ಅಳತೆಯನ್ನೂ 600 ಪಟ್ಟು ಕುಗ್ಗಿಸಿದರೆ 51 ಮೀಟರಿನ ಟವರು ಎಂಟೂವರೆ ಸೆಂಟಿಮೀಟರಿನ ಕಡ್ಡಿಯಾಗುತ್ತದೆ, ಅಲೆಯೂ ಅಷ್ಟೇ ಕುಗ್ಗಬೇಕಾದ್ದರಿಂದ 860 ಕಿಲೋಹರ್ಟ್ಸ್ ಹೋಗಿ 516 ಮೆಗಾಹರ್ಟ್ಸ್ ಆಗುತ್ತದೆ.

ಪರಿಹಾರ ಅಗ್ಗದ್ದೇ. ಆಯ್ದ ಟವರುಗಳಲ್ಲಿ ಅರ್ಥ್ ವೈರಿಗೂ ಟವರಿಗೂ ನಡುವೆ ಸಣ್ಣ ಇನ್ಸುಲೇಟರ್ ಇಟ್ಟರೆ ಕುಣಿಕೆ ಮುರಿಯುತ್ತದೆ. ಸಿಡಿಲು ಆ ಸಂದನ್ನು ಹಾರಿ ನೆಲ ಸೇರುತ್ತದೆ. ಯಾವ ಟವರು ಎಂದು ಆಯುವುದಕ್ಕೇ ಮೇಲಿನ ಲೆಕ್ಕವೆಲ್ಲ ಬೇಕಾಗುವುದು.

ಇದು ಕೇಂದ್ರದಿಂದ ಕೆಲವೇ ಕಿಲೋಮೀಟರ್ ಒಳಗಿನ ಸಾಲುಗಳ ಮಾತು. ನಿಮ್ಮ ಹೊಲದ ಟವರುಗಳು ಆಕಾಶವಾಣಿಗೆ ಏನೂ ಮಾಡಲಾರವು. ಅಕ್ಕನ ಮಗನಿಗೆ ಉತ್ಸಾಹವಿದ್ದರೆ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬೆಳೆದ, ಇಂಥ ಕಂಬಿಗಳ ಲೆಕ್ಕ ಹಾಕುವ ‘ನೆಕ್’ (NEC) ಪ್ರೋಗ್ರಾಮಿನ ಎರಡನೇ ಆವೃತ್ತಿ ಉಚಿತವಾಗಿ ಸಿಗುತ್ತದೆ. ಕಂಬಿಗಳನ್ನು ತರಂಗಾಂತರದ ಹತ್ತನೇ ಒಂದು ಪಾಲಿಗಿಂತ, ಎಂದರೆ ಧಾರವಾಡಕ್ಕೆ 39 ಮೀಟರಿಗಿಂತ, ಉದ್ದದ ತುಂಡುಗಳಾಗಿ ಕತ್ತರಿಸಬೇಡ ಎಂದು ಹೇಳಿ.