ಟ್ಯೂಬಿಂಗೆನ್ನಾ, ಫ್ರೈಬರ್ಗಾ?

ಪರಿಸರ ಭೂವಿಜ್ಞಾನದ ಮಾಸ್ಟರ್ಸ್‌ಗೆ ಜರ್ಮನಿಯ ಟ್ಯೂಬಿಂಗೆನ್ ಒಳ್ಳೆಯದಾ ಫ್ರೈಬರ್ಗ್ ಒಳ್ಳೆಯದಾ, ಇಂಗ್ಲಿಷ್ ಒಂದೇ ಸಾಕಾ, ಪಾರ್ಟ್ ಟೈಮ್ ಕೆಲಸದಲ್ಲಿ ಖರ್ಚು ತೂಗಿಸಬಹುದಾ ಅಂತ ಕೇಳಿದ್ದೀರಿ. ನಾನು ಜರ್ಮನಿಯಲ್ಲಿ ನೆಲೆಯೂರಿ ಬಹಳ ವರ್ಷವಾಯಿತು, ಕೆಲಸವೂ ಇದೇ ಮಣ್ಣು, ನೀರಿನದ್ದು. ನೇರವಾಗಿಯೇ ಹೇಳುತ್ತೇನೆ.

ರ‍್ಯಾಂಕಿಂಗ್ ಪಟ್ಟಿ ಬದಿಗಿಡಿ. ಇಲ್ಲಿ ಇಂಟರ್‌ವ್ಯೂನಲ್ಲಿ ಯಾರೂ ನನ್ನನ್ನು ಅದರ ಬಗ್ಗೆ ಕೇಳಿಲ್ಲ. ಪ್ರತಿ ಕೋರ್ಸಿಗೂ ಮಾಡ್ಯೂಲ್ ಹ್ಯಾಂಡ್‌ಬುಕ್ ಅಂತ ಒಂದು ದಪ್ಪ ಪಿಡಿಎಫ್ ಇರುತ್ತದೆ, ಅದನ್ನು ತೆರೆದು ಕೂತುಕೊಳ್ಳಿ. ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್, ಲ್ಯಾಬ್ ಎಷ್ಟು, ಫೀಲ್ಡ್ ಎಷ್ಟು, ಎಲ್ಲ ಅದರಲ್ಲಿ ಸಿಗುತ್ತದೆ. ಟ್ಯೂಬಿಂಗೆನ್‌ನ ಅಪ್ಲೈಡ್ ಅಂಡ್ ಎನ್ವಿರಾನ್‌ಮೆಂಟಲ್ ಜಿಯೋಸೈನ್ಸ್‌ನಲ್ಲಿ ಅಂತರ್ಜಲ, ಪರಿಸರ ರಸಾಯನ, ಮಾಡೆಲಿಂಗ್ ಜಾಸ್ತಿ. ಗಣಿತ ಕಂಡರೆ ಓಡುವವರಿಗೆ ಅದು ಹಿಂಸೆ. ಸ್ಯಾಕ್ಸನಿ ರಾಜ್ಯದ ಫ್ರೈಬರ್ಗ್‌ನದು 1765ರಲ್ಲಿ ಶುರುವಾದ ಗಣಿ ವಿದ್ಯಾಲಯ. ಅಲ್ಲಿ ಗ್ರೌಂಡ್‌ವಾಟರ್ ಮ್ಯಾನೇಜ್‌ಮೆಂಟ್ ಓದಿದರೆ ಗಣಿ ನೀರಿನ ವಿಷಯ ಬೇಡವೆಂದರೂ ಬೆನ್ನು ಬಿಡುವುದಿಲ್ಲ. ಪಾಠಕ್ಕೆ, ಸಂಶೋಧನೆಗೆ ಅಂತ ಅವರದೇ ಒಂದು ಹಳೇ ಬೆಳ್ಳಿ ಗಣಿಯೂ ಇದೆ, ರೈಷೆ ತ್ಸೆಖೆ ಅಂತ.

ಇಲ್ಲಿ ಮಣ್ಣು, ನೀರಿನ ಕೆಲಸಕ್ಕೇನೂ ಬರವಿಲ್ಲ. ನೈಋತ್ಯದ ರಾಸ್ಟಾಟ್ ಊರಿನ ಸುತ್ತಮುತ್ತ ಕಾಗದ ಕಾರ್ಖಾನೆಯ ಕೆಸರು ಬೆರೆತ ಗೊಬ್ಬರವನ್ನು ಹೊಲಕ್ಕೆ ಹಾಕಿ, ಪಿಎಫ್‌ಎಎಸ್ ಅನ್ನುವ, ಸುಲಭಕ್ಕೆ ಕರಗಿ ಹೋಗದೆ ಉಳಿಯುವ ರಾಸಾಯನಿಕ ಅಂತರ್ಜಲಕ್ಕೆ ಇಳಿದಿದೆ. ಪೂರ್ವದ ಲೌಸಿಟ್ಸ್‌ನಲ್ಲಿ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಗಳ ಕಬ್ಬಿಣ, ಸಲ್ಫೇಟ್ ಸೇರಿ ಸ್ಪ್ರೇ ನದಿ ಕೆಲವು ಕಡೆ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಕಲ್ಲಿದ್ದಲು ವಿದ್ಯುತ್ತನ್ನು 2038ರೊಳಗೆ ನಿಲ್ಲಿಸಬೇಕೆಂದು ಕಾನೂನಿದೆ, ಆದರೆ ಗಣಿ ಮುಚ್ಚಿದ ಮಾತ್ರಕ್ಕೆ ಆ ನೀರು ತಿಳಿಯಾಗುವುದಿಲ್ಲ ಅಲ್ವಾ?

ಭಾಷೆಯ ವಿಷಯಕ್ಕೆ ಬರೋಣ. ಪಾಠ ಇಂಗ್ಲಿಷ್‌ನಲ್ಲಿ, ನಿಜ. ಕೆಲಸ ಮಾತ್ರ ಜರ್ಮನ್‌ನಲ್ಲಿ. ಹಳೇ ಡ್ರೈಕ್ಲೀನಿಂಗ್ ಅಂಗಡಿಯ ಜಾಗದಲ್ಲಿ ಕ್ಲೋರಿನ್ ದ್ರಾವಕ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಲು ಬೋರ್ ಹಾಕುತ್ತೇವೆ. ಮೇಲೆ ಬಂದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ ಮರಳೋ ಜೇಡಿಯೋ, ಬಣ್ಣ, ತೇವ, ವಾಸನೆ ಎಲ್ಲವನ್ನೂ ಅಲ್ಲೇ ನಿಂತು ಬರೆಯಬೇಕು, ಪಕ್ಕದಲ್ಲಿ ಯಂತ್ರ ಗರಗರ ಅನ್ನುತ್ತಿರುವಾಗ ಡ್ರಿಲ್ಲರ್ ಕೂಗಿದ್ದೂ ಅರ್ಥವಾಗಬೇಕು. ವರದಿ ಓದುವ ಅಧಿಕಾರಿಗೂ ಜರ್ಮನ್ನೇ ಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ, ಭಾಷೆ ಕಲಿಯಲು ಆಗ ಶುರು ಮಾಡಿದರೆ ತಡವಾಯಿತು. ಡಿಗ್ರಿ ಕೈಗೆ ಬರುವ ಹೊತ್ತಿಗೆ ಜರ್ಮನ್‌ನಲ್ಲಿ ಬಿ2, ಅಂದರೆ ಧಾರಾಳವಾಗಿ ಮಾತಾಡುವ ಮಟ್ಟ, ಆಗಿರಲಿ. ಪಿಎಚ್‌ಡಿ ಮಾಡುವುದಾದರೆ ಇಂಗ್ಲಿಷ್‌ನಲ್ಲೇ ದಿನ ತಳ್ಳಬಹುದು.

ದುಡ್ಡಿನ ಲೆಕ್ಕ ಹೀಗಿದೆ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ತೋರಿಸಬೇಕು. ಅದರ ಮೇಲೆ ಟ್ಯೂಬಿಂಗೆನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸು. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ದುಡಿಯಬಹುದು. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಅದರ ಆಸೆ ಇಟ್ಟುಕೊಳ್ಳಬೇಡಿ, ಸುಮ್ನೆ ಓದು ಕೆಡುತ್ತದೆ. ಆಮೇಲೆ ವಿಭಾಗದಲ್ಲೇ ಹೀವಿ (ವಿದ್ಯಾರ್ಥಿ ಸಹಾಯಕ) ಕೆಲಸ ಕೇಳಿ. ಪ್ರೊಫೆಸರ್ ಕೈಕೆಳಗೆ ಲ್ಯಾಬಿನಲ್ಲಿ ಮಾಡುವ ಆ ಕೆಲಸ ಪಿಜ್ಜಾ ಹಂಚುವುದಕ್ಕಿಂತ ಎಷ್ಟೋ ಮೇಲು, ಥೀಸಿಸ್‌ಗೂ ದಾರಿಯಾಗುತ್ತದೆ.

ಬಿಎಸ್‌ಸಿಯಲ್ಲಿ ಗಣಿತ ಎಷ್ಟಿತ್ತು ಅಂತ ನೀವು ಬರೆದಿಲ್ಲ. ಚೆನ್ನಾಗಿ ಬರುತ್ತದೆ ಅಂದರೆ ಫೀಸು ಕಟ್ಟಿದರೂ ಸರಿ, ಟ್ಯೂಬಿಂಗೆನ್ ಅನ್ನುತ್ತೇನೆ. ಗಣಿಯ ಕಡೆ ಒಲವಿದ್ದರೆ ಫ್ರೈಬರ್ಗ್. ಎಲ್ಲಿಗಾದರೂ ಎಪಿಎಸ್ ಸರ್ಟಿಫಿಕೇಟ್, ಅಂದರೆ ನಿಮ್ಮ ಅಂಕಪಟ್ಟಿಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ, ಬೇಕೇ ಬೇಕು, ಅದಕ್ಕೆ ಈಗಲೇ ಅರ್ಜಿ ಹಾಕಿಬಿಡಿ.